ಹಾಸಿಗೆಯಿಂದ ಅಂಗಳಕ್ಕೆ ಇಪ್ಪತ್ತಾರು ಹೆಜ್ಜೆ

"ಇವರನ್ನು ಹೀಗೆ ಮಲಗಿಸಿ ಇಟ್ಟದ್ದು ಯಾರು?"

ಕೇಳಿದ್ದು ಸಫಿಯಾ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಫಿಸಿಯೋಥೆರಪಿಸ್ಟ್. ಬೆಳ್ತಂಗಡಿಯ ಆ ಮನೆಗೆ ಅವಳು ಕಾಲಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ನನ್ನ ಭಾವನ ಬಲಗಾಲನ್ನು ಎತ್ತಿ, ಮಡಚಿ ನೋಡಿದಳು. ತೊಡೆಗೆ ಟೇಪು ಸುತ್ತಿ ಅಳೆದಳು. ಎಡಗಾಲಿನದ್ದನ್ನೂ ಅಳೆದಳು. ಟೇಪನ್ನು ಸುರುಳಿ ಸುತ್ತುತ್ತಾ ಈ ಪ್ರಶ್ನೆ ಕೇಳಿದಳು. ಸ್ವರ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು.

ಅಕ್ಕ ನನ್ನನ್ನು ನೋಡಿದಳು. ಭಾವ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹೌದು, ಮಲಗಿಸಿದ್ದು ನಾನೇ. (ಮೂವತ್ತೆರಡು ವರ್ಷ ಮೂಡುಬಿದಿರೆಯಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ, ಈಗ ನಿವೃತ್ತಳಾಗಿ, ವಾರ ವಾರ ಈ ಅಂಕಣದಲ್ಲಿ ನಿಮಗೆ ವಿಜ್ಞಾನ ಬಡಿಸುವ ಇದೇ ನಾನು.)

ಮೊದಲಿನಿಂದ ಹೇಳುತ್ತೇನೆ.

ಭಾವನ ಹೆಸರು ಜಯಂತ. ನನ್ನ ಅಕ್ಕ ಶಶಿಕಲಾಳ ಗಂಡ. ಬೆಳ್ತಂಗಡಿ ಪೇಟೆಯಲ್ಲಿ ಅವರದ್ದೊಂದು ಸಣ್ಣ ಹೋಟೆಲು. ಆರೇ ಮೇಜು. ಬೆಳಗ್ಗೆ ಬಾಗಿಲು ತೆರೆದರೆ ಸಾಕು, ಚಾರ್ಮಾಡಿ ಘಾಟಿ ಹತ್ತಬೇಕಾದ ಲಾರಿಯವರು, ಧರ್ಮಸ್ಥಳಕ್ಕೆ ಹೊರಟವರು, ತಾಲೂಕು ಕಚೇರಿಯ ಕೆಲಸಕ್ಕೆಂದು ನಾರಾವಿ ಕಡೆಯಿಂದ ಮೊದಲ ಬಸ್ಸಿಗೆ ಇಳಿದವರು, ಎಲ್ಲರೂ ಅಲ್ಲಿ. ಕೌಂಟರಿನಲ್ಲಿ ಅಕ್ಕ, ಅಡುಗೆಮನೆಯಲ್ಲಿ ಇಬ್ಬರು ಕೆಲಸದವರು, ದೋಸೆ ಕಾವಲಿಯ ಮುಂದೆ ಭಾವ. ಮೂವತ್ತೈದು ವರ್ಷಗಳಲ್ಲಿ ಅವರು ಆ ಕಾವಲಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಜ್ವರ ಬಂದರೂ ತಲೆಗೆ ಬೈರಾಸು (ಟವೆಲು) ಸುತ್ತಿಕೊಂಡು ನಿಂತವರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಗ್ರೈಂಡರಿನ ಹತ್ತಿರ ಚೆಲ್ಲಿದ್ದ ಹಿಟ್ಟಿನ ಮೇಲೆ ಕಾಲಿಟ್ಟು ಬಿದ್ದರು. ಬಲಬದಿಯ ಸೊಂಟದ ಎಲುಬು ಮುರಿಯಿತು. ಆಂಬ್ಯುಲೆನ್ಸ್, ಮಂಗಳೂರು, ಆಪರೇಷನ್. ಒಳಗೆ ರಾಡ್ ಹಾಕಿದರು. ವಯಸ್ಸು ಅರವತ್ತನಾಲ್ಕು.

ಮರುದಿನವೇ ಡಾಕ್ಟರು ಅವರನ್ನು ಎಬ್ಬಿಸಿ ವಾಕರ್ ಹಿಡಿಸಿ ಆರು ಹೆಜ್ಜೆ ನಡೆಸಿದರು. ಡಿಸ್ಚಾರ್ಜ್ ಮಾಡುವಾಗ ಸ್ಪಷ್ಟವಾಗಿಯೇ ಹೇಳಿದರು: "ಮನೆಗೆ ಹೋಗಿ ಮಲಗಿಬಿಡಬೇಡಿ. ದಿನಾ ನಡೀಬೇಕು. ನೋವು ಆಗ್ತದೆ. ಆದ್ರೂ ನಡೀಬೇಕು." ಅದನ್ನೇ ಕಾಗದದಲ್ಲಿ ಬರೆದೂ ಕೊಟ್ಟರು. ನಾವು ಆ ಕಾಗದವನ್ನು ಜೋಪಾನವಾಗಿ ಮಡಚಿ ಫೈಲಿನಲ್ಲಿಟ್ಟೆವು. ಕಾಗದ ಇವತ್ತಿಗೂ ಅಲ್ಲೇ ಸುರಕ್ಷಿತವಾಗಿದೆ.

ಮನೆಗೆ ಬಂದ ಮೊದಲ ಬೆಳಗ್ಗೆ. ಭಾವ ವಾಕರ್ ಹಿಡಿದು ಬಾತ್‌ರೂಮಿಗೆ ಹೊರಟರು. ನಾಲ್ಕನೇ ಹೆಜ್ಜೆಗೆ ಅವರ ಮುಖ ಹಿಂಡಿದ ಬಟ್ಟೆಯಂತಾಯಿತು. ಅಯ್ಯೋ ಎಂದು ಕೂಗಿದರು. ಆ ಮನುಷ್ಯ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸಾಕು ಮಾರಾಯ್ರೆ, ನನಗೆ ನೋಡ್ಲಿಕ್ಕೆ ಆಗುದಿಲ್ಲ" ಎಂದು ಅಕ್ಕ ಅತ್ತೇಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ವಾರಿಜಾ, ನೀನು ಓದಿದವಳು. ಎಲುಬು ಕೂಡುವ ಮೊದಲೇ ನಡೆಸುದು ಸರಿಯಾ?" (ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.)

ಓದಿದವಳು ಎಂದರೆ ಸಾಕಲ್ಲ, ನನ್ನೊಳಗಿನ ಟೀಚರು ಎದ್ದು ನಿಲ್ಲುತ್ತಾಳೆ. "ಅಕ್ಕ, ಒಡೆದ ಕಪ್ಪಿಗೆ ಗಮ್ ಹಾಕಿದ ಮೇಲೆ ಯಾರಾದ್ರೂ ಅಲ್ಲಾಡಿಸ್ತಾರಾ? ಎರಡು ವಾರ ಮಲಗಲಿ. ನೋವು ಇಳಿದ ಮೇಲೆ ನಡೆಸುವ" ಎಂದೆ.

ಎಂಥ ಉದಾಹರಣೆ! ಎಲ್ಲರಿಗೂ ಕೂಡಲೇ ಅರ್ಥವಾಯಿತು. ಎಲುಬು ಕಪ್ಪಲ್ಲ, ಜೀವ ಇರುವ ವಸ್ತು, ಭಾರ ಬಿದ್ದಷ್ಟೂ ಗಟ್ಟಿಯಾಗುವ ವಸ್ತು ಎನ್ನುವುದೊಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನನಗೂ.

ಎರಡು ವಾರ ಎಂದದ್ದು ಆರು ವಾರವಾಯಿತು.

ಎಷ್ಟು ಚಂದದ ವ್ಯವಸ್ಥೆ ಮಾಡಿದ್ದೆವು ಗೊತ್ತೇ? ತಲೆಯ ಬದಿ ಎತ್ತರಿಸುವ ಮಂಚ. ಟಿವಿಯನ್ನು ಹಾಲಿನಿಂದ ಕೋಣೆಗೆ ತಂದೆವು. ತಲೆಯ ಹತ್ತಿರ ಒಂದು ಕಾಲಿಂಗ್ ಬೆಲ್. ಒತ್ತಿದರೆ ನೀರು, ಒತ್ತಿದರೆ ಚಾ. ಅಕ್ಕ ಹೋಟೆಲನ್ನು ಕೆಲಸದವರಿಗೆ ಬಿಟ್ಟು ಮನೆಯಲ್ಲೇ ಉಳಿದಳು. ನಾನು ವಾರಕ್ಕೆರಡು ಸಲ ಮೂಡುಬಿದಿರೆಯಿಂದ ಬಸ್ಸು ಹತ್ತಿ ಬರುತ್ತಿದ್ದೆ. ನೋಡಲು ಬಂದವರೆಲ್ಲ ಹಣ್ಣು ತಂದರು, ಹಣ್ಣಿನ ಜೊತೆ ಒಂದೇ ಮಾತು ತಂದರು: "ರೆಸ್ಟ್ ತಗೊಳ್ಳಿ."

ಮೊದಮೊದಲು ಮಧ್ಯಾಹ್ನ ಎರಡು ಗಂಟೆಗೆ ಭಾವ ಹೋಟೆಲಿಗೆ ತಪ್ಪದೆ ಫೋನ್ ಮಾಡುತ್ತಿದ್ದರು. "ಹಿಟ್ಟು ಎಷ್ಟು ಉಳೀತು? ಬನ್ಸ್ ಸರಿ ಉಬ್ಬಿದೆಯಾ?" ನಾಲ್ಕನೇ ವಾರದಲ್ಲಿ ಆ ಫೋನ್ ನಿಂತಿತು. ವಿಶ್ರಾಂತಿಯಿಂದ ಮನಸ್ಸು ಶಾಂತವಾಗಿದೆ ಎಂದು ನಾನು ಅಕ್ಕನಿಗೆ ಹೇಳಿದೆ. (ಹೇಳಿದೆನಲ್ಲ, ಓದಿದವಳು.)

ಈಗ ನಾಚಿಕೆಯ ಭಾಗ.

ಭಾವ ಮಲಗಿ ಐದನೇ ವಾರ. ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಸಂಘದ ಉದ್ಘಾಟನೆ, ಉಪನ್ಯಾಸ ನನ್ನದು. ವಿಷಯ: ಬಾಹ್ಯಾಕಾಶದಲ್ಲಿ ಮನುಷ್ಯನ ದೇಹ. ನನಗೆ ತುಂಬ ಇಷ್ಟದ ವಿಷಯ. ಮಕ್ಕಳಿಗೂ.

ಬಾಹ್ಯಾಕಾಶ ನಿಲ್ದಾಣ ಇರುವುದು ನಮ್ಮ ತಲೆಯಿಂದ ಸುಮಾರು ನಾನ್ನೂರು ಕಿಲೋಮೀಟರ್ ಮೇಲೆ. ಅಲ್ಲಿ ಗುರುತ್ವವೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ತಪ್ಪು. ಇಲ್ಲಿರುವ ಗುರುತ್ವದ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೂ ಇದೆ. ನಿಲ್ದಾಣ, ಅದರೊಳಗಿನ ಜನ, ಅವರ ಟೂತ್‌ಬ್ರಷ್ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದಕ್ಕೂ ಭಾರ ಗೊತ್ತಾಗುವುದಿಲ್ಲ, ಅಷ್ಟೆ. ಭಾರ ಇಲ್ಲದ ಮೇಲೆ ಕಾಲಿಗೇನು ಕೆಲಸ? ಕೆಲಸ ಇಲ್ಲದ ಕಾಲನ್ನು ದೇಹ ಸಾಕುವುದಿಲ್ಲ. ಸ್ನಾಯು ಕರಗುತ್ತದೆ, ಎಲುಬು ತೆಳುವಾಗುತ್ತದೆ. ಬೆನ್ನೆಲುಬಿನ ಮೇಲೆ ಒತ್ತಡ ಇಲ್ಲದ್ದರಿಂದ ಗಗನಯಾತ್ರಿಗಳು ಒಂದೆರಡು ಇಂಚು ಎತ್ತರವಾಗುತ್ತಾರೆ. ಪಾದದ ಅಡಿಯ ದಪ್ಪ ಚರ್ಮ ಸುಲಿದು ಹೋಗಿ ಮಗುವಿನ ಪಾದದಂತೆ ಮೆತ್ತಗಾಗುತ್ತದೆ. ಬದಲಿಗೆ ಪಾದದ ಮೇಲ್ಭಾಗ ಒರಟಾಗುತ್ತದೆ, ತೇಲಿಹೋಗದಂತೆ ಅವರು ಕಂಬಿಗಳಿಗೆ ಪಾದ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗಾಗಿ.

ಇದನ್ನು ತಡೆಯಲು ಅವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಲೇಬೇಕು. ಟ್ರೆಡ್‌ಮಿಲ್ಲಿನಿಂದ ಮೇಲಕ್ಕೆ ತೇಲಿಹೋಗದಂತೆ ಹೆಗಲಿಗೂ ಸೊಂಟಕ್ಕೂ ಎಳೆಯುವ ಪಟ್ಟಿ ಕಟ್ಟಿಕೊಂಡು ಓಡಬೇಕು. ಅಲ್ಲಿನ ಸೈಕಲ್ಲಿಗೆ ಸೀಟೇ ಇಲ್ಲ. ಇಷ್ಟು ಮಾಡಿಯೂ ಭೂಮಿಗೆ ಇಳಿದ ದಿನ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ.

ಕೊನೆಗೆ ನನ್ನ ಅಚ್ಚುಮೆಚ್ಚಿನ ಸಂಗತಿ. ಎಲ್ಲರನ್ನೂ ಮೇಲೆ ಕಳಿಸಿ ಪರೀಕ್ಷಿಸಲು ಆಗುತ್ತದೆಯೇ? ಇಲ್ಲ. ಅದಕ್ಕೆ ವಿಜ್ಞಾನಿಗಳು ಏನು ಮಾಡುತ್ತಾರೆ? ಗಟ್ಟಿಮುಟ್ಟಾದ ಜನರನ್ನು ಭೂಮಿಯ ಮೇಲೆಯೇ, ತಲೆ ಸ್ವಲ್ಪ ತಗ್ಗಾಗಿ, ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಾರೆ. ಊಟ, ಸ್ನಾನ ಎಲ್ಲವೂ ಮಲಗಿಯೇ. ಅವರ ಕಾಲುಗಳೂ ಗಗನಯಾತ್ರಿಗಳ ಕಾಲಿನಂತೆಯೇ ಸೊರಗುತ್ತವೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಹಾಗಾದ್ರೆ ಸುಮ್ನೆ ಮಲಗಿದ್ರೂ ಬಾಹ್ಯಾಕಾಶಕ್ಕೆ ಹೋದ ಹಾಗೆ ಆಗ್ತದಾ?"

"ಕಾಲಿನ ಮಟ್ಟಿಗೆ ಹೌದು ಮಗಾ. ಪೇಪರಿನಲ್ಲಿ ಫೋಟೋ ಮಾತ್ರ ಬರುದಿಲ್ಲ" ಎಂದೆ. ಇಡೀ ಹಾಲು ನಕ್ಕಿತು. ಚಪ್ಪಾಳೆ. ಶಾಲು, ಹಣ್ಣಿನ ಬುಟ್ಟಿ.

ಆ ಹಣ್ಣಿನ ಬುಟ್ಟಿ ಹಿಡಿದುಕೊಂಡೇ ನಾನು ವೇಣೂರಿನ ದಾರಿಯಾಗಿ ಹೋಗುವ ಬಸ್ಸು ಹತ್ತಿ, ಗುರುವಾಯನಕೆರೆ ದಾಟಿ, ಬೆಳ್ತಂಗಡಿಗೆ ಹೋದೆ. ನನ್ನನ್ನು ಕಂಡು ಭಾವ ಏಳಲು ನೋಡಿದರು. ನಾನು ಏನೆಂದೆ?

"ಏಳ್ಬೇಡಿ ಭಾವ. ಮಲಗಿ, ಮಲಗಿ."

ದಿಂಬನ್ನೂ ಸರಿಮಾಡಿದೆ.

ನಂಬುತ್ತೀರಾ? ಆ ಹುಡುಗಿಗೆ ಉತ್ತರ ಕೊಟ್ಟ ಬಾಯಿ ಇದೇ. ನಡುವೆ ಇದ್ದದ್ದು ಒಂದು ಬಸ್ ಪ್ರಯಾಣ ಮಾತ್ರ.

ಆರನೇ ವಾರ ಮಂಗಳೂರಿನಲ್ಲಿ ಚೆಕಪ್. ಎಕ್ಸ್‌ರೇ ನೋಡಿ ಡಾಕ್ಟರು ಖುಷಿಪಟ್ಟರು. "ಎಲುಬು ಚಂದ ಕೂಡಿದೆ" ಎಂದರು. ಆಮೇಲೆ ಪಂಚೆ ಸರಿಸಿ ನೋಡಿದರು. "ಆದ್ರೆ ಕಾಲೆಲ್ಲಿ?" ಎಂದರು.

ನಿಲ್ಲಿಸಲು ನೋಡಿದರು. ಭಾವನಿಗೆ ಕಣ್ಣು ಕತ್ತಲಿಟ್ಟಿತು. ಮೊಣಕಾಲು ನಡುಗಿ ಮಂಚದ ಮೇಲೆಯೇ ಕುಸಿದರು. ಮೂವತ್ತೈದು ವರ್ಷ ಕಾವಲಿಯ ಮುಂದೆ ನಿಂತ ಮನುಷ್ಯನಿಗೆ ಎಣಿಸಿ ಹತ್ತು ಸೆಕೆಂಡು ನಿಲ್ಲಲು ಆಗಲಿಲ್ಲ.

ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಬಂಟ್ವಾಳ ದಾಟಿದ ಮೇಲೆ ಭಾವ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ಶಶೀ, ಹೋಟೆಲು ಯಾರಿಗಾದ್ರೂ ಕೊಟ್ಟುಬಿಡುವ."

ಅಕ್ಕ ಅವರ ಕೈ ಹಿಡಿದುಕೊಂಡಳು. ಆ ಫೋನ್ ನಿಂತಾಗ ಅವರು ಶಾಂತರಾದದ್ದಲ್ಲ, ಆಸೆ ಬಿಟ್ಟದ್ದು ಎಂದು ನನಗೆ ಆಗ ತಿಳಿಯಿತು.

ಸಫಿಯಾ ಬಂದದ್ದು ಇದಾದ ಮೂರನೇ ದಿನ. ಬಂಟ್ವಾಳದವಳು, ದಿನಾ ಬಸ್ಸಿನಲ್ಲಿ ಬೆಳ್ತಂಗಡಿಗೆ ಬಂದು ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಸಂಜೆ ಮನೆಗಳಿಗೂ ಹೋಗುತ್ತಾಳೆ. ಅವಳ ಪ್ರಶ್ನೆಗೆ ನಾನೇ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡವಳು ಅಲ್ಲಿಗೇ ನಿಲ್ಲಿಸಬೇಕಿತ್ತು. ಮರ್ಯಾದೆ ಉಳಿಸಿಕೊಳ್ಳಲು, ಬಾಹ್ಯಾಕಾಶದಲ್ಲಿಯೂ ಹೀಗೇ ಆಗುತ್ತದೆ ಎಂದು ಹಾಸಿಗೆಯ ಪ್ರಯೋಗದ ಕತೆ ಶುರುಮಾಡಿದೆ.

ಅವಳು ಪೂರ್ತಿ ಕೇಳಿದಳು. "ನಮಗೂ ಕಾಲೇಜಿನಲ್ಲಿ ಇತ್ತು ಟೀಚರ್ ಅದು. ನೀವು ಇದನ್ನು ಅಂಕಲ್‌ಗೆ ಹೇಳಿದ್ದೀರಾ?"

"ಇಲ್ಲ."

"ಶಾಲೆ ಮಕ್ಕಳಿಗೆ ಹೇಳಿದ್ರಿ."

"ಹೂಂ."

ಅಷ್ಟೇ. ಅವಳು ಭಾವನ ಕಾಲಿನ ಕಡೆ ತಿರುಗಿದಳು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಯಾವ ಇನ್‌ಸ್ಪೆಕ್ಷನ್ನಿನಲ್ಲೂ ನಾನು ಇಷ್ಟು ಚಿಕ್ಕವಳಾಗಿರಲಿಲ್ಲ.

ಮೊದಲ ವಾರ ಭಾವ ಅವಳಿಗೆ ಸಹಕಾರ ಕೊಡಲಿಲ್ಲ. ಮಂಚದ ಅಂಚಿನಲ್ಲಿ ಕೂರಿಸಿದರೆ ಸಾಕು ಸಾಕು ಎನ್ನುತ್ತಿದ್ದರು. ಒಂದು ದಿನ ರೇಗಿದರು. "ನೋವು ನನಗೆ. ನಿನಗೆ ಎಂತ ಗೊತ್ತುಂಟು?"

"ನೋವು ಗೊತ್ತಿಲ್ಲ ಅಂಕಲ್" ಎಂದಳು ಸಫಿಯಾ. "ಆದ್ರೆ ನೀವು ನೋವಿಗೆ ಹೆದರುದಲ್ಲ. ಬೀಳ್ಲಿಕ್ಕೆ ಹೆದರುದು."

ಭಾವ ತಮ್ಮ ಪಾದವನ್ನೇ ನೋಡಿದರು. ಆಮೇಲೆ, ಅದುವರೆಗೆ ಅಕ್ಕನಿಗೂ ಹೇಳದಿದ್ದನ್ನು ಹೇಳಿದರು.

"ಆ ದಿನ ಬಿದ್ದವನು ಏಳ್ಲಿಕ್ಕೆ ನೋಡಿದೆ. ಕಾಲು ನನ್ನ ಮಾತು ಕೇಳ್ಲಿಲ್ಲ. ಕೂಗಿದೆ. ಗ್ರೈಂಡರ್ ತಿರುಗ್ತಾ ಇತ್ತು, ಯಾರಿಗೂ ಕೇಳ್ಲಿಲ್ಲ. ಹಿಟ್ಟಿನಲ್ಲಿ ಬಿದ್ದುಕೊಂಡು, ಅದು ನಿಲ್ಲುವುದನ್ನು ಕಾಯ್ತಾ ಇದ್ದೆ. ಎಷ್ಟು ಹೊತ್ತೋ. ಇನ್ನೊಂದು ಸಲ ಹಾಗೆ ಆಗುದು ಬೇಡ ನನಗೆ."

ಅವರ ಕಣ್ಣಲ್ಲಿ ನೀರಿತ್ತು. ಅಕ್ಕ ಬಾಗಿಲ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಸಫಿಯಾ ಚೀಲದಿಂದ ಒಂದು ಅಗಲ ಪಟ್ಟಿ ತೆಗೆದು ಅವರ ಸೊಂಟಕ್ಕೆ ಕಟ್ಟಿದಳು. "ಇದನ್ನು ನಾನು ಹಿಂದಿನಿಂದ ಹಿಡ್ಕೊಂಡಿರ್ತೇನೆ. ನೀವು ಬೀಳುದಿಲ್ಲ."

"ನೀನು ಇರುದೇ ನಲ್ವತ್ತೈದು ಕಿಲೋ."

"ನಲ್ವತ್ತೆಂಟು."

ಭಾವ ನಕ್ಕರು. ಎರಡು ತಿಂಗಳಲ್ಲಿ ಮೊದಲ ಸಲ. ಎದ್ದರು ಕೂಡ. ಅವತ್ತು ನಡೆದದ್ದು ಮೂರು ಹೆಜ್ಜೆ.

ಆದರೆ ಆ ಮನೆಯಲ್ಲಿ ಕಷ್ಟದ ವ್ಯಾಯಾಮ ಭಾವನದ್ದಲ್ಲ, ಅಕ್ಕನದ್ದು. ಸಫಿಯಾ ಅಕ್ಕನಿಗೆ ಒಂದೇ ಕೆಲಸ ಕೊಟ್ಟಳು: "ಆಂಟಿ, ಇನ್ನು ಅಂಕಲ್‌ಗೆ ನೀರು ತಂದುಕೊಡಬೇಡಿ. ಬೆಲ್ ತೆಗೆದಿಡಿ."

"ಪಾಪ ಅಲ್ವಾ ಮಗಾ? ಒಂದು ಗ್ಲಾಸು ನೀರು ಕೊಡದಷ್ಟು ಕೆಟ್ಟವಳಾ ನಾನು?"

"ಕೊಟ್ರೆ ಅವರು ಏಳುದಿಲ್ಲ ಆಂಟಿ."

ಮರುದಿನ ನಾನೂ ಅಲ್ಲಿದ್ದೆ. ಭಾವನಿಗೆ ಬಾಯಾರಿತು. ಅಕ್ಕನನ್ನು ಕರೆದರು. ಅಕ್ಕ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಎರಡೂ ಕೈ ಬಿಗಿಯಾಗಿ ಹೆಣೆದುಕೊಂಡಿದ್ದಳು. ಎರಡನೇ ಸಲ ಕರೆದರು. ಅವಳ ಬೆರಳು ಬೆಳ್ಳಗಾದವು. ಆಮೇಲೆ ವಾಕರಿನ ಟಕ್ ಟಕ್ ಕೇಳಿಸಿತು. ಕೋಣೆಯಿಂದ ಹಾಲಿನ ಮೇಜಿಗೆ ಬರಲು ಭಾವನಿಗೆ ಹನ್ನೊಂದು ನಿಮಿಷ ಬೇಕಾಯಿತು. ಗ್ಲಾಸಿನ ಅರ್ಧ ನೀರು ಮೇಜಿಗೆ ಚೆಲ್ಲಿತು. ಉಳಿದದ್ದನ್ನು ನಿಂತೇ ಕುಡಿದರು. ಅಕ್ಕ ಬಟ್ಟೆ ತಂದು ಮೇಜು ಒರೆಸಿದಳು. ನೀರು ತಂದುಕೊಡುವ ಹೆಂಡತಿಯನ್ನು ಊರೆಲ್ಲ ಹೊಗಳುತ್ತದೆ. ತಂದುಕೊಡದೆ ಕೂತ ಹೆಂಡತಿಯ ಕಷ್ಟ ಯಾರಿಗೆ ಗೊತ್ತಾಗಬೇಕು?

ನನಗೂ ಒಂದು ಕೆಲಸ ಬೇಕಿತ್ತಲ್ಲ, ಪ್ರಾಯಶ್ಚಿತ್ತಕ್ಕೆ. ಶಾಲೆಯಲ್ಲಿ ಹೇಳಿದ್ದನ್ನೆಲ್ಲ ಭಾವನಿಗೆ ಹೇಳಿದೆ. ತಪ್ಪಾಯ್ತು ಭಾವ, ಗೊತ್ತಿದ್ದೂ ನಿಮ್ಮನ್ನು ಮಲಗಿಸಿದೆ ಎಂದೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಅವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

"ಅಲ್ಲಿ ದೋಸೆ ಹೊಯ್ಯಲಿಕ್ಕೆ ಆಗ್ತದಾ?"

"ಆಗುದಿಲ್ಲ ಭಾವ. ಹಿಟ್ಟು ಸೌಟಿನಿಂದ ಕೆಳಗೆ ಬೀಳುದೇ ಇಲ್ಲ. ಉಂಡೆಯಾಗಿ ತೇಲ್ತದೆ."

"ಚಾ? ನೀರು ಕುದಿಯುದಾದ್ರೂ ಉಂಟಾ?"

"ಕುದೀತದೆ. ಆದ್ರೆ ಗುಳ್ಳೆ ಮೇಲೆ ಬರುದಿಲ್ಲ. ಎಲ್ಲ ಸೇರಿ ಒಂದೇ ದೊಡ್ಡ ಗುಳ್ಳೆ ಆಗ್ತದೆ."

"ಬ್ರೆಡ್ಡಾದ್ರೂ ತಿನ್ಬಹುದಲ್ಲ?"

"ಅದೂ ಇಲ್ಲ. ಪುಡಿ ತೇಲಿ ಮಿಷಿನಿಗೆ ಹೋಗ್ತದೆ ಅಂತ ಚಪಾತಿಯಂಥದ್ದು ತಿಂತಾರೆ."

"ಥೂ, ಎಂತ ಊರು ಮಾರಾಯ್ತಿ ಅದು!" ಎಂದರು ಭಾವ. ಆದರೆ ಕಣ್ಣು ಹೊಳೆಯುತ್ತಿತ್ತು. ಸಫಿಯಾ ಇದನ್ನು ಗಮನಿಸಿದಳು. "ಅಂಕಲ್, ಮುಂದಿನ ಪ್ರಶ್ನೆಗೆ ಉತ್ತರ ಬೇಕಾದ್ರೆ ಟೀಚರ್ ಹಾಲಿನಲ್ಲಿ ಕೂತಿರ್ತಾರೆ. ನೀವೇ ಬರ್ಬೇಕು" ಎಂದಳು. ಭಾವ ಬಂದರು. ಹಾಗೆ ಬೆವರು ಹೇಗೆ ಇಳಿಯುತ್ತದೆ (ಇಳಿಯುವುದಿಲ್ಲ, ಅಂಟಿಕೊಂಡೇ ಇರುತ್ತದೆ), ಸೂರ್ಯ ದಿನಕ್ಕೆ ಎಷ್ಟು ಸಲ ಹುಟ್ಟುತ್ತಾನೆ (ಹದಿನಾರು ಸಲ) ಎಂದೆಲ್ಲ ಕೇಳುತ್ತಾ, ಕೋಣೆಯಿಂದ ಹಾಲು, ಹಾಲಿನಿಂದ ಎದುರಿನ ಜಗಲಿ, ಅಂದರೆ ಸಿಟೌಟ್‌ವರೆಗೆ ತಲುಪಿದರು.

ಒಂದು ದಿನ ಹೇಳಿದೆ, ಆ ನಿಲ್ದಾಣ ನಮ್ಮೂರಿನಿಂದಲೂ ಬರಿಗಣ್ಣಿಗೆ ಕಾಣುತ್ತದೆ ಎಂದು. ಭಾವ ನಂಬಲಿಲ್ಲ. ಮೊಬೈಲಿನಲ್ಲಿ ಸಮಯ ನೋಡಿದೆ. ಶುಕ್ರವಾರ ಸಂಜೆ ಆರು ಐವತ್ತೆರಡಕ್ಕೆ, ವಾಯವ್ಯದಿಂದ. ನಾಲ್ಕೈದು ನಿಮಿಷ ಮಾತ್ರ. ಸಿಟೌಟಿನಿಂದ ಕಾಣುವುದಿಲ್ಲ, ಮನೆಯ ಮಾಡು ಅಡ್ಡ ಬರುತ್ತದೆ. ಎರಡು ಮೆಟ್ಟಿಲು ಇಳಿದು ಇಂಟರ್‌ಲಾಕ್ ಹಾಕಿದ ಅಂಗಳಕ್ಕೇ ಬರಬೇಕು. ಹಾಸಿಗೆಯಿಂದ ಅಲ್ಲಿಗೆ ಇಪ್ಪತ್ತಾರು ಹೆಜ್ಜೆ. ಸಫಿಯಾ ಎಣಿಸಿದ್ದಳು.

ಶುಕ್ರವಾರ ಆರೂ ನಲ್ವತ್ತಕ್ಕೆ ಹೊರಟರು. ಹಾಲು ದಾಟಿದರು. ಸಿಟೌಟಿಗೆ ಬಂದರು. ಮೊದಲ ಮೆಟ್ಟಿಲ ಎದುರು ನಿಂತರು. ನಿಂತೇ ಇದ್ದರು. ಕೆಳಗೆ ನೋಡಿದರು. ಕಾಲು ನಡುಗತೊಡಗಿತು. ನಾನು ಅಂಗಳದಿಂದ "ಬಂತು ಭಾವ, ಬಂತು!" ಎಂದು ಕೂಗಿದೆ. ಅವರು ಇಳಿಯಲಿಲ್ಲ. ನಿಲ್ದಾಣ ತಲೆಯ ಮೇಲಿಂದ ಹಾದು ಹೋಯಿತು.

"ಹೋಯ್ತಾ?"

"ಹೋಯ್ತು."

"ಸ್ವಲ್ಪ ನಿಲ್ಲುದೂ ಇಲ್ವಾ ಅದು?" ಸಿಟ್ಟಿನಿಂದ ಕೇಳಿದರು.

"ಅದು ಲೋಕಲ್ ಬಸ್ಸಾ ಅಂಕಲ್, ಕೈ ಅಡ್ಡ ಹಿಡಿದ್ರೆ ನಿಲ್ಲಿಸ್ಲಿಕ್ಕೆ?" ಎಂದಳು ಸಫಿಯಾ. ಯಾರೂ ನಗಲಿಲ್ಲ. ಭಾವ ತಿರುಗಿ ಒಳಗೆ ಹೋದರು. ಅವತ್ತು ಊಟ ಮಾಡಲಿಲ್ಲ ಎಂದು ಅಕ್ಕ ಮರುದಿನ ಫೋನಿನಲ್ಲಿ ಹೇಳಿದಳು. ಇದೂ ನನ್ನದೇ ಇನ್ನೊಂದು ತಪ್ಪು ಸಲಹೆಯೇ ಎಂದು ನಾನು ಹೆದರಿದೆ.

ಆದರೆ ಅಕ್ಕ ಇನ್ನೂ ಒಂದು ಮಾತು ಹೇಳಿದಳು. ಬೆಳಗ್ಗೆ ಎದ್ದವರೇ ವಾಕರ್ ಹಿಡಿದು ಮೆಟ್ಟಿಲ ಹತ್ತಿರ ಹೋಗಿದ್ದರಂತೆ. ಇಳಿಯಲಿಲ್ಲ. ಸುಮ್ಮನೆ ನಿಂತು ಬಂದರಂತೆ. ಮರುದಿನವೂ ಹಾಗೆ. ಅದರ ಮರುದಿನ ಸಫಿಯಾ ಪಟ್ಟಿ ಹಿಡಿದುಕೊಂಡು ಒಂದು ಮೆಟ್ಟಿಲು ಇಳಿಸಿದಳು. ಇಳಿಯುವಾಗ ನೋವಿನ ಕಾಲು ಮುಂದೆ, ಹತ್ತುವಾಗ ಗಟ್ಟಿ ಕಾಲು ಮುಂದೆ. ವಾರವಿಡೀ ಅದೇ ಪಾಠ.

ಮುಂದಿನ ಅವಕಾಶ ಹತ್ತು ದಿನಗಳ ನಂತರ, ಸೋಮವಾರ ಸಂಜೆ ಏಳಕ್ಕೆ. ಭಾವ ಆರೂವರೆಗೇ ಹೊರಟರು. ಮೆಟ್ಟಿಲ ಎದುರು ನಿಂತರು. ಬಲಗಾಲು ಇಟ್ಟರು. ಎಡಗಾಲು. ಇನ್ನೊಮ್ಮೆ ಬಲಗಾಲು, ಎಡಗಾಲು. ಅಂಗಳದಲ್ಲಿದ್ದರು. ಅಕ್ಕ ಕುರ್ಚಿ ತರಲು ಓಡಿದವಳು, ಅರ್ಧದಲ್ಲಿ ನಿಂತು, ಸಫಿಯಾಳ ಮುಖ ನೋಡಿ, ಬರಿಗೈಯಲ್ಲಿ ಹಿಂದೆ ಬಂದಳು.

ಬಂತು. ಮಿಣುಕದ, ಸದ್ದಿಲ್ಲದ, ದೊಡ್ಡ ನಕ್ಷತ್ರದಂಥ ಬೆಳಕು. ನಾಲ್ವರೂ ಕತ್ತೆತ್ತಿ ನಿಂತೆವು. ನೆತ್ತಿ ದಾಟಿ ಸ್ವಲ್ಪ ಮುಂದೆ ಹೋದದ್ದು, ಅಲ್ಲೇ ಮಂಕಾಗಿ ಮಾಯವಾಯಿತು.

"ಎಲ್ಲಿ ಹೋಯ್ತು?"

"ಭೂಮಿಯ ನೆರಳಿನೊಳಗೆ ಭಾವ. ಅಲ್ಲೇ ಉಂಟು, ಬಿಸಿಲು ಬೀಳುದಿಲ್ಲ ಅಷ್ಟೆ."

ಭಾವ ಇನ್ನೂ ಮೇಲೆಯೇ ನೋಡುತ್ತಿದ್ದರು. "ಅದರೊಳಗೆ ಯಾರಾದ್ರೂ ಈಗ ಪಟ್ಟಿ ಕಟ್ಟಿಕೊಂಡು ಓಡ್ತಾ ಇರಬಹುದಾ?"

"ಇರಬಹುದು."

"ಓಡಲಿ, ಓಡಲಿ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಶಶೀ, ಹೋಟೆಲು ಕೊಡುವ ವಿಷಯ ಯಾರ ಹತ್ತಿರವಾದ್ರೂ ಮಾತಾಡಿದ್ದೀಯಾ?"

"ಇಲ್ಲ."

"ಮಾತಾಡ್ಬೇಡ."

ಅದುವರೆಗೆ ತಡೆದುಕೊಂಡಿದ್ದ ಅಕ್ಕ ಆಗ ಅತ್ತಳು.

ಇದು ಸಿನಿಮಾ ಅಲ್ಲ, ಹಾಗಾಗಿ ಭಾವ ಮರುದಿನ ಓಡಲಿಲ್ಲ. ಮತ್ತೂ ಎರಡು ತಿಂಗಳು ಬೇಕಾಯಿತು. ಈಗ ಕೋಲು ಹಿಡಿದು ಹೋಟೆಲಿಗೆ ಹೋಗುತ್ತಾರೆ. ಕಾವಲಿಯ ಮುಂದೆ ಎತ್ತರದ ಸ್ಟೂಲು ಇಟ್ಟಿದ್ದಾರೆ. ಹತ್ತು ದೋಸೆ ನಿಂತು, ಹತ್ತು ದೋಸೆ ಕೂತು. ಮೊದಲ ದಿನದ ಮೊದಲ ದೋಸೆ ಹರಿಯಿತು, ಎರಡನೆಯದು ಎದ್ದು ಬಂತು. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಬಲತೊಡೆ ಇವತ್ತಿಗೂ ಎಡತೊಡೆಗಿಂತ ಸಣ್ಣ. "ಸ್ನಾಯು ಹೋಗ್ಲಿಕ್ಕೆ ಆರು ವಾರ ಸಾಕು ಟೀಚರ್. ಬರ್ಲಿಕ್ಕೆ ಸಾಕಾಗುದಿಲ್ಲ. ಈ ವಯಸ್ಸಿನಲ್ಲಿ ಪೂರ್ತಿ ಬರ್ತದೆ ಅಂತ ಹೇಳ್ಲಿಕ್ಕೂ ಆಗುದಿಲ್ಲ" ಎಂದಿದ್ದಾಳೆ ಸಫಿಯಾ. ಆ ಕುಂಟಿನಲ್ಲಿ ನನ್ನ ಪಾಲೂ ಇದೆ. ಭಾವ ಅದನ್ನು ಒಂದು ದಿನವೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ಮನಸ್ಸು ಹಗುರವಾಗುತ್ತಿತ್ತೋ ಏನೋ.

ಕೊನೆಯ ಭೇಟಿಯ ದಿನ ಸಫಿಯಾ ಚೀಲ ಹೆಗಲಿಗೇರಿಸಿಕೊಂಡವಳು ನನ್ನ ಕಡೆ ತಿರುಗಿದಳು. "ಟೀಚರ್, ನೀವೊಮ್ಮೆ ನೆಲದಲ್ಲಿ ಕೂತು, ಕೈ ಊರದೆ ಎದ್ದೇಳಿ. ನೋಡುವ."

ಕೂತೆ. ಕೂರುವುದು ಸುಲಭವಿತ್ತು. ಏಳಲು ನೋಡಿದೆ. ಆಗಲಿಲ್ಲ. ಸೋಫಾ ಹಿಡಿದೆ. ಭಾವ ಕೋಲು ಚಾಚಿದರು. (ಇದನ್ನು ನಿಮ್ಮಿಂದ ಮುಚ್ಚಿಡಬಹುದಿತ್ತು. ಇಷ್ಟೆಲ್ಲ ಹೇಳಿದ ಮೇಲೆ ಏಕೆ ಎಂದು ಬರೆದುಬಿಟ್ಟೆ.)

ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ದಿನವನ್ನು ಲೆಕ್ಕ ಹಾಕಿದೆ. ತಿರುವಿನಾಚೆಯ ಅಂಗಡಿಗೆ ಸ್ಕೂಟರ್. ಟಿವಿಗೆ ರಿಮೋಟ್, ಫ್ಯಾನಿಗೂ ರಿಮೋಟ್. ತೆಂಗಿನಕಾಯಿ ತುರಿಯುವುದೂ ಮಿಷಿನ್. ಮೇಲಿನ ಮಹಡಿಗೆ ಹೋಗದೆ ಎಷ್ಟು ತಿಂಗಳಾಯಿತೋ. ನನಗೆ ಎಲುಬು ಮುರಿದಿಲ್ಲ, ಆಪರೇಷನ್ ಆಗಿಲ್ಲ, ಯಾರೂ ನನ್ನನ್ನು ಮಲಗಿಸಿಲ್ಲ. ಆದರೂ ಏಳಲು ಆಗಲಿಲ್ಲವಲ್ಲ?

ಈಗ ಸಂಜೆ ಮೈದಾನಕ್ಕೆ ನಡೆದೇ ಹೋಗುತ್ತೇನೆ. ಮೊದಲ ವಾರ ಮೊಣಕಾಲು ನೋವು, ಎರಡನೇ ವಾರ ಸೋಮಾರಿತನದ ನೋವು, ಮೂರನೇ ವಾರದಿಂದ ಪರವಾಗಿಲ್ಲ. ನೆಲದಿಂದ ಕೈ ಊರದೆ ಏಳಲು ಇನ್ನೂ ಬಂದಿಲ್ಲ. ಒಂದೇ ಕೈ ಊರಿ ಏಳುತ್ತೇನೆ. ಪ್ರಗತಿ ಎಂದು ನಾನು ಹೇಳಿಕೊಳ್ಳುತ್ತೇನೆ.

ನಾನ್ನೂರು ಕಿಲೋಮೀಟರ್ ಮೇಲೆ ತೇಲುವವರು ವ್ಯಾಯಾಮ ತಪ್ಪಿಸಿದರೆ ಕೆಳಗಿನಿಂದ ವೈದ್ಯರ ತಂಡವೇ ವಿಚಾರಿಸುತ್ತದೆ. ನಮ್ಮ ನಮ್ಮ ಸೋಫಾಗಳಲ್ಲಿ ಕೂತಿರುವ ನಮ್ಮನ್ನು ಯಾರು ಎಬ್ಬಿಸಬೇಕು?